ದರಕು ಎಲ್ಲಿಂದ ತರ್ತೀರಿ? ಮಂಗನ ಕಾಯಿಲೆಯ ಒಂದು ಸರ್ವೆ, ಸಾಗರದ ಕೊಟ್ಟಿಗೆಗಳಿಂದ ಸಮ್ಮೇಳನದ ಹಾಲ್‌ವರೆಗೆ

ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂಡಿ ಮಾಡುತ್ತಿದ್ದೇನೆ ಅಂದರೆ ನಮ್ಮ ನೆಂಟರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. "ಅಂದ್ರೆ ಯಾವ್ದರ ಡಾಕ್ಟ್ರು? ಹಾರ್ಟಾ, ಮೂಳೆನಾ?" ಅಂತ ಕೇಳುತ್ತಿದ್ದರು. ಕೊನೆಗೆ ಅಪ್ಪ "ಊರಿನ ಡಾಕ್ಟ್ರು ಕಣ್ರೀ" ಅಂದು ಮಾತು ಮುಗಿಸುತ್ತಿದ್ದರು. ಅದು ಹೆಚ್ಚುಕಡಿಮೆ ಸರಿಯೇ. ಜ್ವರ ಬಂದ ಒಬ್ಬರಿಗೆ ಮಾತ್ರೆ ಬರೆಯುವ ಬದಲು, ಈ ಕೇರಿಯಲ್ಲೇ ಯಾಕೆ ಇಷ್ಟು ಜನಕ್ಕೆ ಜ್ವರ ಬಂತು ಅಂತ ಹುಡುಕುವುದು ನಮ್ಮ ಕೆಲಸ. ಕ್ಲಿನಿಕ್ ಹಾಕಿ ದುಡ್ಡು ಮಾಡುವ ವಿಷಯ ಅಲ್ಲ. ಹಾಗಾಗಿ ಈ ಸೀಟಿಗೆ ನೂಕುನುಗ್ಗಲೂ ಇರುವುದಿಲ್ಲ.

ನಾವು ಸೇರಿದಾಗಿನ ನಿಯಮ ಹೀಗಿತ್ತು. ಕೊನೆಯ ಪರೀಕ್ಷೆಗೆ ಕೂರುವ ಮೊದಲು ಸಮ್ಮೇಳನದಲ್ಲಿ ಒಂದು ಪೋಸ್ಟರ್ ಹಾಕಿರಬೇಕು, ಒಂದು ಪೇಪರ್ ಓದಿರಬೇಕು, ಒಂದು ಸಂಶೋಧನಾ ಲೇಖನ ಪತ್ರಿಕೆಗೆ ಹೋಗಿರಬೇಕು. ಸೀನಿಯರ್‌ಗಳು ಇದನ್ನೆಲ್ಲ ಹೇಳಿಕೊಟ್ಟದ್ದು ಪ್ರವಾಸದ ಪ್ಲಾನ್ ಹೇಳಿಕೊಟ್ಟ ಹಾಗೆ. "ಬೆಳಗ್ಗೆ ಪೇಪರ್ ಓದು, ಸರ್ಟಿಫಿಕೇಟ್ ಈಸ್ಕೋ, ಮಧ್ಯಾಹ್ನ ಊರು ನೋಡೋಕೆ ಹೋಗು." ಸುಳ್ಳು ಹೇಳಿ ಏನಾಗಬೇಕು, ಸಮ್ಮೇಳನಕ್ಕೆ ಬರುವ ಪಿಜಿಗಳಲ್ಲಿ, ಅಂದರೆ ನನ್ನಂಥ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ, ಅರ್ಧಕ್ಕರ್ಧ ಜನ ಬರುವುದು ಹೀಗೇ.

ಸಂಶೋಧನೆಗೆ ನಮ್ಮ ಗೈಡ್ ಆಗಿದ್ದ ಮೇಡಂ ಮಾತ್ರ ಬೇರೆ ತರಹದವರು. ಮೊದಲ ವರ್ಷವೇ "ಐಪಿಎಚ್‌ಎ ಮೆಂಬರ್ ಆಗು" ಅಂದರು. ಐಪಿಎಚ್‌ಎ ಎಂದರೆ ಇಂಡಿಯನ್ ಪಬ್ಲಿಕ್ ಹೆಲ್ತ್ ಅಸೋಸಿಯೇಷನ್. ಹುಟ್ಟಿದ್ದು 1956ರಲ್ಲಿ, ಕಚೇರಿ ಕೋಲ್ಕತ್ತದಲ್ಲಿ. ಆ ಊರೇ ಯಾಕೆ ಅಂದರೆ, ನಮ್ಮ ವಿಷಯದ ಹಳೆಯ ಬೇರು ಅಲ್ಲೇ ಇದೆ. ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಶುರುವಾದದ್ದು 1932ರಲ್ಲಿ, ಅದೇ ಊರಿನ ಚಿತ್ತರಂಜನ್ ಅವೆನ್ಯೂದಲ್ಲಿ. ರಾಕ್‌ಫೆಲ್ಲರ್ ಫೌಂಡೇಶನ್ನಿನ ದುಡ್ಡಿನಲ್ಲಿ ಎದ್ದ ಸಂಸ್ಥೆ ಅದು.

ಸಂಘ ಅಂದರೆ ನನಗೆ ಗೊತ್ತಿದ್ದದ್ದು ನೌಕರರ ಸಂಘ, ಹಾಲಿನ ಸಂಘ, ಗಣಪತಿ ಇಡುವ ಸಂಘ. ಇದು ಅಂಥದ್ದಲ್ಲ. ಈ ಸಂಘಕ್ಕೆ ಆಸ್ಪತ್ರೆ ಇಲ್ಲ, ಇದು ಯಾರಿಗೂ ಸೂಜಿ ಚುಚ್ಚುವುದಿಲ್ಲ, ಸರ್ಕಾರಿ ಆದೇಶ ಹೊರಡಿಸುವ ಅಧಿಕಾರವೂ ಇಲ್ಲ. ಪಬ್ಲಿಕ್ ಹೆಲ್ತ್ ಕೆಲಸ ಮಾಡುವವರನ್ನು ವರ್ಷಕ್ಕೊಮ್ಮೆ ಒಂದು ಕಡೆ ಸೇರಿಸುತ್ತದೆ. ಮೂರು ತಿಂಗಳಿಗೊಮ್ಮೆ ಇಂಡಿಯನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್ ತರುತ್ತದೆ. ರಾಜ್ಯಗಳಲ್ಲಿ ಶಾಖೆಗಳಿವೆ. ಇಂಥ ದೇಶದೇಶಗಳ ಸಂಘಗಳಿಗೆಲ್ಲ ಸೇರಿ 1967ರಲ್ಲಿ ಒಂದು ಜಾಗತಿಕ ಒಕ್ಕೂಟ ಆಗಿದೆ, ಅದರಲ್ಲಿ ಇದೂ ಒಂದು. ಇಷ್ಟು ಕೇಳಿದಾಗ ನನಗೆ ಅನಿಸಿದ್ದು, "ಸರಿ, ಇದರಿಂದ ಯಾರಿಗೆ ಏನು ಸಿಗುತ್ತೆ?" ಅಂತ. ಆದರೂ ಅರ್ಜಿ ತುಂಬಿ, ಡಿಗ್ರಿ ಸರ್ಟಿಫಿಕೇಟಿನ ಪ್ರತಿ ಕೊಟ್ಟು, ಶುಲ್ಕ ಕಟ್ಟಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ನಿಜವಾದ ಕೆಲಸ ಶುರುವಾದದ್ದು ವಿಷಯ ಆರಿಸುವಾಗ. ನಮ್ಮ ಬ್ಯಾಚಿನವರು ಬಿಪಿ, ಶುಗರ್, ಮೊಬೈಲ್ ಚಟ ಅಂತೆಲ್ಲ ಆರಿಸಿಕೊಂಡರು. ನಾನು ಮಲೆನಾಡಿನವಳು, ನನಗೆ ಮಂಗನ ಕಾಯಿಲೆ ಬಿಟ್ಟು ಬೇರೇನೂ ತೋಚಲಿಲ್ಲ.

ಸಂಘ ಹುಟ್ಟಿದ ಮರುವರ್ಷ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಹಿಂದೆಯೇ ಜನಕ್ಕೆ ಜ್ವರ. ಮಂಗ ಸಾಯುತ್ತಿವೆ ಅಂದ ಕೂಡಲೇ ಹಳದಿ ಜ್ವರ ಇಂಡಿಯಾಕ್ಕೆ ಬಂದೇಬಿಟ್ಟಿತಾ ಅಂತ ವಿಜ್ಞಾನಿಗಳು ಗಾಬರಿಯಾಗಿ ಓಡಿ ಬಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿದರೆ ಸಿಕ್ಕಿದ್ದು ಹೊಸದೇ ಒಂದು ವೈರಸ್. ಕಾಡಿನ ಹೆಸರೇ ಕಾಯಿಲೆಗೂ ಬಂತು, ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳದಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮಳೆ ಮುಗಿದು ಕಾಡು ಒಣಗಲು ಶುರುವಾದ ಮೇಲೆ ಇದರ ಕಾಲ, ಡಿಸೆಂಬರಿನಿಂದ ಮೇವರೆಗೆ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು, ಕೆಲವರಿಗೆ ವಸಡು, ಮೂಗಿನಲ್ಲಿ ರಕ್ತ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೇ ಅಂತ ಔಷಧಿಯೂ ಇಲ್ಲ.

ಲಸಿಕೆ ಇತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ಚುಚ್ಚಿದ ಕಡೆ ಸಿಕ್ಕಾಪಟ್ಟೆ ನೋವು, ಕೈ ಎತ್ತಲಾಗುತ್ತಿರಲಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಕೈ ಎತ್ತದಿದ್ದರೆ ಕೂಲಿ ಹೋಯಿತು. ಹಾಗಾಗಿ ಒಂದು ಡೋಸ್ ಹಾಕಿಸಿಕೊಂಡು ಎರಡನೆಯದಕ್ಕೆ ಹಿತ್ತಿಲ ಬಾಗಿಲಿನಿಂದ ಜಾಗ ಖಾಲಿ ಮಾಡುವವರೇ ಜಾಸ್ತಿ. ಎರಡು ಡೋಸಿಗೆ ಸುಮಾರು 62 ಶೇಕಡಾ, ಬೂಸ್ಟರ್ ಸೇರಿದರೆ 83 ಶೇಕಡಾ ರಕ್ಷಣೆ ಅಂತ 2013ರ ಒಂದು ಅಧ್ಯಯನ ಹೇಳಿತ್ತು. ಬರಬರುತ್ತಾ ಅದರ ಬಲದ ಬಗ್ಗೆಯೇ ಅನುಮಾನ ಎದ್ದು, 2022ರಲ್ಲಿ ಲಸಿಕೆ ನಿಲ್ಲಿಸಿದರು. ನಾನು ಸರ್ವೆಗೆ ಇಳಿದದ್ದು ಸರಿಯಾಗಿ ಅದೇ ಚಳಿಗಾಲದಲ್ಲಿ. ಕೈಯಲ್ಲಿ ಉಳಿದಿದ್ದ ಅಸ್ತ್ರ ಒಂದೇ, ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ. ರಕ್ಷಣಾ ಇಲಾಖೆಯ ಸಂಶೋಧಕರು ಕಂಡುಹಿಡಿದದ್ದು. ಆರೋಗ್ಯ ಇಲಾಖೆಯವರು ಮನೆಮನೆಗೆ ಪುಕ್ಕಟೆ ಹಂಚುತ್ತಿದ್ದರು. ಅದನ್ನು ಜನ ಹಚ್ಚುತ್ತಾರಾ ಇಲ್ಲವಾ, ಹಚ್ಚದಿದ್ದರೆ ಯಾಕೆ ಎನ್ನುವುದು ನನ್ನ ವಿಷಯ.

ಸಂಶೋಧನೆ ಮಾಡದವರಿಗೆ ಒಂದು ಮಾತು. ಮನೆಮನೆಗೆ ಹೋಗಿ ಸುಮ್ನೆ ಪ್ರಶ್ನೆ ಕೇಳುವುದಕ್ಕೂ ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಆ ಕಮಿಟಿಯಲ್ಲಿ ಡಾಕ್ಟರುಗಳಷ್ಟೇ ಅಲ್ಲ, ಒಬ್ಬ ವಕೀಲರು, ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಾಮಾನ್ಯರೂ ಇರಬೇಕು, ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮ. ನಮ್ಮ ಕಮಿಟಿಯಲ್ಲಿ ಸಾಮಾನ್ಯರ ಪರವಾಗಿ ಇದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಉಳಿದವರು ಸ್ಯಾಂಪಲ್ ಸೈಜು, ಫಾರ್ಮುಲಾ ಅಂತ ಕೇಳಿದರೆ ಅವರು ಕೇಳಿದ್ದು ಒಂದೇ: "ಅಲ್ಲಮ್ಮಾ, ಕಾಡಿಗೆ ಹೋಗ್ತೀರಾ ಅಂತ ಬರೆದ ಕಾಗದಕ್ಕೆ ಸೈನ್ ಹಾಕಿಸ್ತೀಯಲ್ಲ, ಹಾಕ್ತಾರಾ?" ಹೆಸರು ಬೇರೆ ಹಾಳೆಯಲ್ಲಿ, ಉತ್ತರ ಬೇರೆ ಹಾಳೆಯಲ್ಲಿ ಇರುತ್ತದೆ, ನಂಬರ್ ಮಾತ್ರ ಇರುತ್ತದೆ ಅಂತ ವಿವರಿಸಿದೆ. ತಲೆಯಾಡಿಸಿದರು. ಅವರ ಪ್ರಶ್ನೆಯ ತೂಕ ಗೊತ್ತಾಗಿದ್ದು ಹಳ್ಳಿಗೆ ಹೋದ ಮೇಲೆ.

ಸಾಗರ ತಾಲೂಕಿನಲ್ಲಿ ಶರಾವತಿ ಹಿನ್ನೀರಿನ ಕಡೆಯ ಹಳ್ಳಿಗಳು. 2018ರ ಕೊನೆಗೆ ಶುರುವಾಗಿ 2019ರವರೆಗೆ ಅರಳಗೋಡಿನಲ್ಲಿ ಈ ಕಾಯಿಲೆ ಎಬ್ಬಿಸಿದ ಹಾವಳಿ ಆ ಕಡೆಯವರು ಯಾರೂ ಮರೆತಿಲ್ಲ. ಮಂಗ ಸತ್ತದ್ದು ಕಂಡರೆ ಯಾರಿಗೆ ಫೋನ್ ಮಾಡಬೇಕು, ಪಶುವೈದ್ಯರು ಬಂದು ಏನು ಮಾಡುತ್ತಾರೆ, ಸುತ್ತ ಮಾಲಾಥಿಯಾನ್ ಪುಡಿ ಹೇಗೆ ಉದುರಿಸುತ್ತಾರೆ, ರಕ್ತದ ಸ್ಯಾಂಪಲ್ ಶಿವಮೊಗ್ಗದ ಲ್ಯಾಬಿಗೆ ಹೋಗುತ್ತಾ ಪುಣೆಗೆ ಹೋಗುತ್ತಾ ಎಲ್ಲವೂ ಬಾಯಿಪಾಠ. ನನ್ನ ಪ್ರಶ್ನಾವಳಿಯ 'ಜ್ಞಾನ' ಭಾಗದಲ್ಲಿ ನನಗಿಂತ ಅವರಿಗೇ ಜಾಸ್ತಿ ಮಾರ್ಕ್ಸ್ ಬರುತ್ತಿತ್ತು.

ಎರಡನೆಯ ಭಾಗಕ್ಕೆ ಬಂದರೆ ಮಾತು ನಿಲ್ಲುತ್ತಿತ್ತು. "ಕಾಡಿಗೆ ಹೋಗ್ತೀರಾ? ವಾರಕ್ಕೆ ಎಷ್ಟು ಸಲ? ಏನು ತರೋಕೆ?" ಇದು ಕಾಯಿಲೆಯ ಅಪಾಯ ಅಳೆಯುವ ಪ್ರಶ್ನೆ. ದೇಶದಲ್ಲಿ ಎಲ್ಲರೂ ಕೇಳುವುದು ಹೀಗೇ. ಉತ್ತರ ಮಾತ್ರ ತಮಾಷೆಯಾಗಿತ್ತು. ಎಕರೆಗಟ್ಟಲೆ ಅಡಿಕೆ ತೋಟ ಇದ್ದವರು "ಹೌದು ಮೇಡಂ, ನಮ್ಮ ಸೊಪ್ಪಿನ ಬೆಟ್ಟಕ್ಕೆ ಹೋಗ್ತಾನೇ ಇರ್ತೀವಿ" ಅನ್ನುವರು. ಸೊಪ್ಪಿನ ಬೆಟ್ಟ ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು. ಕೂಲಿ ಮಾಡುವವರು, ತುಂಡು ಜಮೀನಿನವರು "ಇಲ್ಲಪ್ಪ, ಕಾಡಿಗೆ ಕಾಲೇ ಇಡಲ್ಲ" ಅನ್ನುವರು. ಪೈಲಟ್, ಅಂದರೆ ಪ್ರಾಯೋಗಿಕ ಸರ್ವೆ, ಮುಗಿಸಿ ಲೆಕ್ಕ ಹಾಕಿದರೆ, ಕಾಡಿಗೆ ಜಾಸ್ತಿ ಹೋಗುವವರು ತೋಟದ ಯಜಮಾನರು, ಮನೆಯಲ್ಲಿ ಕೂರುವವರು ಬಡವರು! ಮಲೆನಾಡು ಗೊತ್ತಿದ್ದ ಯಾರಿಗಾದರೂ ನಗು ಬರಬೇಕು.

ನನ್ನ ಜೊತೆ ಬರುತ್ತಿದ್ದ ಆಶಾ ಅಕ್ಕ, ಅಂದರೆ ಊರಿನ ಆರೋಗ್ಯ ಕಾರ್ಯಕರ್ತೆ, ಮೊದಲೆರಡು ದಿನ ಸುಮ್ಮನಿದ್ದರು. ಆಮೇಲೆ ದಾರಿಯಲ್ಲಿ ಹೇಳಿದರು. "ಬೆಟ್ಟ ಇದ್ದೋರಿಗೆ ಸೊಪ್ಪು ತರೋ ಹಕ್ಕು ಉಂಟು, ಅವ್ರು ಧೈರ್ಯವಾಗಿ ಹೇಳ್ತಾರೆ. ಇವ್ರೆಲ್ಲ ಮುಳುಗಡೆಯಾಗಿ ಬಂದೋರು. ಕೂತ ಜಾಗಕ್ಕೇ ಇನ್ನೂ ಪಟ್ಟೆ ಇಲ್ಲ. ನೀವು ಕಾಗದ ಹಿಡ್ಕೊಂಡು ಬಂದು ಕಾಡಿಂದ ಏನು ತರ್ತಿ ಅಂದ್ರೆ ಎಂತ ಹೇಳ್ತಾರೆ?"

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು ನಿಂತಾಗ ಎದ್ದು ಬಂದು ಕಾಡಂಚಿನಲ್ಲಿ ಕೂತ ಕುಟುಂಬಗಳ ಮೊಮ್ಮಕ್ಕಳು ಇವರು. ಅವರ ಮಟ್ಟಿಗೆ 'ಕಾಡಿಗೆ ಹೋಗ್ತೀರಾ' ಅನ್ನುವುದು ಆರೋಗ್ಯದ ಪ್ರಶ್ನೆಯೇ ಅಲ್ಲ, ಕೇಸಿನ ಪ್ರಶ್ನೆ. ಮೇಷ್ಟ್ರು ಕೇಳಿದ್ದೂ ಇದನ್ನೇ.

ಆಶಾ ಅಕ್ಕ ದಾರಿಯನ್ನೂ ತೋರಿಸಿದರು. ಮುಂದಿನ ಮನೆಯಲ್ಲಿ ನಾನು ಬಾಯಿ ತೆಗೆಯುವ ಮೊದಲು ಅವರೇ ಸೀದಾ ಕೊಟ್ಟಿಗೆಯ ಕಡೆ ನಡೆದರು. ಎರಡು ದನ, ಒಂದು ಕರು. ಕಾಲಡಿ ಮೊಣಕಾಲೆತ್ತರ ದರಕು, ಅಂದರೆ ಕಾಡಿನ ಒಣ ಎಲೆ. ದನದ ಕಾಲಡಿ ಹಾಸಿ, ಸಗಣಿ ಗಂಜಲದ ಜೊತೆ ಗೊಬ್ಬರ ಮಾಡುವುದು ಮಲೆನಾಡಿನ ಪದ್ಧತಿ. "ದರಕು ಲಾಯ್ಕುಂಟಲ್ಲೇ, ಹದವಾಗಿ ಒಣಗಿದೆ. ಯಾವ ಕಡೆದು?" ಅಂದರು. ಮನೆಯ ಹೆಂಗಸು ಖುಷಿಯಾಗಿ ಹೇಳಲು ಶುರು ಮಾಡಿದರು. ಯಾವ ಗುಡ್ಡ, ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡುವುದು, ಯಾರ್‍ಯಾರು ಜೊತೆ, ಗುಡಿಸಿ ರಾಶಿ ಮಾಡಿ ಹಗ್ಗದ ಬಲೆಯಲ್ಲಿ ತುಂಬಿ ತಲೆ ಮೇಲೆ ಹೊತ್ತು ತರುವುದು, ತೋಟದವರ ಮನೆಗೂ ತಾವೇ ಗುಡಿಸಿ ಕೊಡುವುದು. ಒಣ ಎಲೆಯ ಅಡಿಯೇ ಉಣುಗಿನ ಮರಿಗಳ ಮನೆ. ಅದನ್ನು ಬಗ್ಗಿ ಗುಡಿಸಿ, ತಬ್ಬಿ, ತಲೆ ಮೇಲೆ ಹೊರುವುದಕ್ಕಿಂತ ಜಾಸ್ತಿ ಅಪಾಯ ಬೇರೆ ಯಾವುದಿದೆ? ಹತ್ತು ನಿಮಿಷದ ಹಿಂದೆ ಇದೇ ಹೆಂಗಸು ಅಂಗಳದಲ್ಲಿ ಕೂತು "ಕಾಡಿಗೆ ಹೋಗಲ್ಲ" ಅಂದಿದ್ದರು.

ಅಲ್ಲಿಂದ ಪ್ರಶ್ನಾವಳಿ ಬದಲಾಯಿತು. ದನ ಎಷ್ಟು, ಮೇಯುವುದು ಎಲ್ಲಿ, ಕೊಟ್ಟಿಗೆಗೆ ದರಕು ಎಲ್ಲಿಂದ, ಒಲೆಗೆ ಸೌದೆ ಎಲ್ಲಿಂದ. ಕಾಡು ಎಂಬ ಮಾತೇ ಇಲ್ಲ. ಬದಲಾಯಿಸಿದ ಪ್ರಶ್ನೆಗಳಿಗೆ ಮತ್ತೆ ಎಥಿಕ್ಸ್ ಕಮಿಟಿಗೆ ಪತ್ರ, ಮತ್ತೆ ಒಪ್ಪಿಗೆ, ಅಷ್ಟರಲ್ಲಿ ಸೀಸನ್ ಮುಗಿದುಹೋಗುತ್ತಾ ಅಂತ ಚಡಪಡಿಕೆ. ಮೇಡಂ ಫೋನ್ ಮಾಡಿ ಮಾಡಿ ಬೇಗ ಮಾಡಿಸಿದರು. ಹಳೆಯ ಪ್ರಶ್ನೆಯನ್ನು ತೆಗೆಯಬೇಡ ಅಂತಲೂ ಹೇಳಿದರು. ಒಂದೇ ಮನೆಯಲ್ಲಿ ಎರಡೂ ಕೇಳು, ಎರಡು ಉತ್ತರಕ್ಕೆ ಎಷ್ಟು ಅಂತರ ಇದೆ ನೋಡು ಅಂತ. ನನ್ನ ಇಡೀ ಕೆಲಸದಲ್ಲಿ ಬೆಲೆ ಬಾಳುವ ಸಲಹೆ ಅಂದರೆ ಅದೊಂದೇ.

ಎಣ್ಣೆಯ ಬಗ್ಗೆ ಕೇಳಿದ್ದಕ್ಕೂ ಒಳ್ಳೊಳ್ಳೆ ಉತ್ತರ ಸಿಕ್ಕವು. ಬಾಟಲಿ ಎಲ್ಲರ ಮನೆಯಲ್ಲೂ ಇತ್ತು, ದೇವರ ಗೂಡಿನ ಪಕ್ಕ, ಸೀಲು ಒಡೆಯದೆ. "ಜ್ವರ ಶುರುವಾಗ್ಲಿ, ಆಗ ಹಚ್ತೀವಿ" ಅಂದವರಿದ್ದರು. ಮರ ಹತ್ತಿ ಅಡಿಕೆ ಕೊನೆ (ಗೊನೆ) ತೆಗೆಯುವ ಒಬ್ಬರು ಕಾಲು ತೋರಿಸಿ, "ಈ ಕಾಲಿಗೆ ಎಣ್ಣೆ ಹಚ್ಚಿ ಮರ ಹತ್ತಿದ್ರೆ ಮಂಗನ ಕಾಯಿಲೆ ಬರೋಕೆ ಪುರುಸೊತ್ತೇ ಇರಲ್ಲ ಮೇಡಂ, ಮೇಲಿಂದ ಸೀದಾ ಕೆಳಗೆ" ಅಂದರು. ಅದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ಒಬ್ಬ ಅಜ್ಜಿಗಂತೂ ಎಣ್ಣೆಯ ವಿಷಯವೇ ಬೇಡ. "ಅಲ್ದೇ ತಂಗಿ, ಹೋದ್ ವರ್ಷದ ತನಕ ಬೆನ್ನು ಹತ್ತಿ ಹತ್ತಿ ಸೂಜಿ ಹಾಕ್ತಿದ್ರಿ. ಈ ವರ್ಷ ಕಾಯಿಲೆ ಹೋಯ್ತಾ, ಸೂಜಿ ಹೋಯ್ತಾ?" ಅಂತ ಕೇಳಿದರು. ಹೊಸ ಲಸಿಕೆ ತಯಾರಿಸುವ ಕೆಲಸ ನಡೆಯುತ್ತಿದೆ, ಅದು ಬರುವವರೆಗೆ ಎಣ್ಣೆ ಅಂದೆ. "ಹಂಗಾದ್ರೆ ಅಷ್ಟು ವರ್ಷ ನೋವು ತಿಂದಿದ್ದು?" ಅಂದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್‌ಗಳು ಆ ಚಳಿಗಾಲವಿಡೀ ಎದುರಿಸಿದ್ದು ಈ ಪ್ರಶ್ನೆಯನ್ನೇ.

ಇಷ್ಟನ್ನೂ ಇಂಗ್ಲಿಷಿನಲ್ಲಿ 250 ಪದಕ್ಕೆ ಇಳಿಸಬೇಕು. ಸಮ್ಮೇಳನಕ್ಕೆ ಕಳಿಸುವ ಅಬ್‌ಸ್ಟ್ರ್ಯಾಕ್ಟ್ ಅಂದರೆ ಅಷ್ಟೇ. ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ. ಕೊನೆ ತೆಗೆಯುವವರ ಕಾಲು ಹೋಯಿತು, ಅಜ್ಜಿ ಹೋದರು, ಮುಳುಗಡೆ ಹೋಯಿತು. ಉಳಿದದ್ದು ಶೇಕಡಾವಾರು. ಮೇಡಂ ಕೆಂಪು ಪೆನ್ನು ಹಿಡಿದು ಒಂದು ವಾಕ್ಯ ಮಾತ್ರ ವಾಪಸ್ ಸೇರಿಸಿದರು. ಭೂಮಿಗೆ ದಾಖಲೆ ಇಲ್ಲದವರು ಕಾಡಿನ ಓಡಾಟವನ್ನು ಕಡಿಮೆ ಹೇಳುತ್ತಾರೆ ಎಂಬುದು. "ಬೇರೆ ಏನೇ ಬಿಟ್ಟರೂ ಇದು ಇರಲಿ" ಅಂದರು. ಕೆಲವು ವಾರದ ನಂತರ ಇಮೇಲ್ ಬಂತು, ವೇದಿಕೆಯಲ್ಲಿ ಓದಲು ಆಯ್ಕೆಯಾಗಿದೆ ಅಂತ.

ಆ ವರ್ಷದ ಸಮ್ಮೇಳನ ಉತ್ತರದ ಕಡೆ ಒಂದು ಮೆಡಿಕಲ್ ಕಾಲೇಜಿನಲ್ಲಿ. ಹೋಗಿಬರುವ ಖರ್ಚು, ರಿಜಿಸ್ಟ್ರೇಷನ್, ರೂಮು ಎಲ್ಲ ಸೇರಿ ನನ್ನ ಸ್ಟೈಪೆಂಡಿನಲ್ಲಿ ದೊಡ್ಡ ಪಾಲೇ ಹೋಯಿತು. ಮೊದಲ ದಿನ ತರಬೇತಿ ಕಾರ್ಯಾಗಾರಗಳು. ಉದ್ಘಾಟನೆ ಎಲ್ಲ ಕಡೆಯ ಹಾಗೆ, ದೀಪ, ಶಾಲು, ಸ್ಮರಣಿಕೆ, ತಡವಾಗಿ ಬಂದ ಅತಿಥಿ. ಹಿರಿಯರ ಹೆಸರಿನ ಸ್ಮಾರಕ ಉಪನ್ಯಾಸ ಚೆನ್ನಾಗಿತ್ತು. ಆಮೇಲೆ ಒಂದೇ ಹೊತ್ತಿಗೆ ಐದಾರು ಹಾಲ್‌ಗಳಲ್ಲಿ ಪೇಪರ್‌ಗಳು. ಬಿಪಿ, ಶುಗರ್, ಕ್ಷಯ, ಗಾಳಿಯ ಕೊಳೆ, ರಸ್ತೆ ಅಪಘಾತ. ಜನ ಹೆಚ್ಚು ಸಾಯುವುದು ಇವುಗಳಿಂದಲೇ, ತಕರಾರಿಲ್ಲ. ಆದರೂ ಎಲ್ಲ ಹಾಲ್‌ಗಳಲ್ಲೂ ಒಂದೇ ಪೇಪರನ್ನು ಊರಿನ ಹೆಸರು ಬದಲಿಸಿ ಓದುತ್ತಿದ್ದಾರಾ ಅನಿಸುವಷ್ಟು ಒಂದೇ ತರಹ ಇದ್ದವು. ಇದು ಈ ಸಮ್ಮೇಳನ ಒಂದರ ಮಾತಲ್ಲ. ಪರೀಕ್ಷೆಗಾಗಿ ಪೇಪರ್ ಓದಿಸಿದರೆ ಎಲ್ಲಿಯಾದರೂ ಆಗುವುದು ಅದೇ.

ನನ್ನ ಸರದಿ ಊಟಕ್ಕೆ ಮುಂಚಿನದು. ಅಂದರೆ ಕೆಟ್ಟ ಹೊತ್ತು. ಎಂಟು ನಿಮಿಷ, ಆರನೇ ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಬಾರಿಸುತ್ತಾರೆ. ಹಾಲ್‌ನಲ್ಲಿದ್ದವರಲ್ಲಿ ಹೆಚ್ಚಿನವರು ತಮ್ಮ ಸರದಿಗೆ ಕಾಯುತ್ತಿದ್ದ ಪಿಜಿಗಳು. ಹೇಳಿ ಮುಗಿಸಿದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಒಳ್ಳೆಯದು. ಆದರೆ ಇದು ನಿಮ್ಮ ಒಂದೆರಡು ಜಿಲ್ಲೆಯ ಕಾಯಿಲೆ ಅಲ್ವಾ? ದೇಶದ ಉಳಿದವರು ಇದರಿಂದ ಕಲಿಯುವುದೇನು?"

ನಾನು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಗೋವಾದ ಸರ್ಕಾರಿ ಡಾಕ್ಟರು. "ಸರ್, ಸತ್ತರಿಯಲ್ಲಿ 2015ರಿಂದ ಈ ಕಾಯಿಲೆ ನೋಡ್ತಿದ್ದೀವಿ. ನಮ್ಮಲ್ಲಿ ಗೇರುಬೀಜ ಆರಿಸುವವರಿಗೆ ಬರುತ್ತೆ. ಅವರೂ ಕಾಡಿಗೆ ಹೋಗಲ್ಲ ಅಂತಲೇ ಹೇಳ್ತಾರೆ" ಅಂದರು. ಹಾಲ್‌ನಲ್ಲಿ ನಗು. ಅಧ್ಯಕ್ಷರೂ ನಕ್ಕು, "ಹಾಗಾದರೆ ಊಟದ ಸಾಲಿನಲ್ಲಿ ಮುಂದುವರಿಸಿ" ಅಂದರು.

ಹಾಗೇ ಆಯಿತು. ತಟ್ಟೆ ಹಿಡಿದು ನಿಂತಾಗ ಇನ್ನೊಬ್ಬರು ಸೇರಿಕೊಂಡರು, ಕೇರಳದ ವಯನಾಡಿನಲ್ಲಿ ಕೆಲಸ ಮಾಡಿದ ಒಬ್ಬ ಲೇಡಿ ಡಾಕ್ಟರ್. ಬಹಳ ವರ್ಷ ಇದು ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡದ ಕಾಯಿಲೆ ಅಂತಲೇ ಪಾಠದಲ್ಲಿತ್ತು. 2012ರ ಕೊನೆಗೆ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಎತ್ತಿ ಸುಟ್ಟ ಸಿಬ್ಬಂದಿಗೆ ಬಂತು. ಪಕ್ಕದ ನೀಲಗಿರಿಯ ಮಂಗಗಳಲ್ಲೂ ಸಿಕ್ಕಿತು. ಆಮೇಲೆ ವಯನಾಡು, ಗೋವಾ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ನಕ್ಷೆಯಲ್ಲಿ ನೋಡಿದರೆ ಇಡೀ ಪಶ್ಚಿಮ ಘಟ್ಟದ ಒಂದೇ ಪಟ್ಟಿ. ಫೈಲುಗಳಲ್ಲಿ ನೋಡಿದರೆ ಕರ್ನಾಟಕಕ್ಕೆ ಒಂದು, ಕೇರಳಕ್ಕೆ ಒಂದು, ಗೋವಾಕ್ಕೆ ಒಂದು. ಮಂಗಕ್ಕೂ ಉಣುಗಿಗೂ ಚೆಕ್‌ಪೋಸ್ಟ್ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು.

ಅವತ್ತು ನಾವು ಮೂವರೂ ಮಧ್ಯಾಹ್ನದ ಸೆಷನ್‌ಗೆ ಹೋಗಲಿಲ್ಲ. ಕ್ಯಾಂಟೀನ್ ಹೊರಗಿನ ಕಟ್ಟೆಯ ಮೇಲೆ ಕೂತು ಕಾರ್ಯಕ್ರಮ ಪಟ್ಟಿಯ ಹಿಂಭಾಗದಲ್ಲಿ ಬರೆಯುತ್ತಾ ಹೋದೆವು. ವಯನಾಡಿನಲ್ಲಿ ಆದಿವಾಸಿಗಳ ಹಾಡಿ ಅಭಯಾರಣ್ಯದ ಒಳಗೇ ಇದೆ. ಅಲ್ಲಿ ಕಾಡಿಗೆ ಹೋಗುತ್ತೀರಾ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ, ಮನೆಯೇ ಕಾಡಿನಲ್ಲಿ. ಆದರೆ ಏನು ತಂದಿರಿ ಅಂದರೆ ಅಲ್ಲೂ ಬಾಯಿ ಕಟ್ಟುತ್ತದೆ. ಅವರು ಕೇಳುವುದು ಜೇನಿನ ಕಾಲದ ಬಗ್ಗೆ. ಗೋವಾದವರು ಗೇರುಬೀಜ ಯಾವ ಗುಡ್ಡದ್ದು ಒಳ್ಳೆಯದು ಅಂತ ಶುರು ಮಾಡುತ್ತಾರಂತೆ. ಮೂರು ರಾಜ್ಯ, ಮೂರು ಭಾಷೆ. ನಾವು ಮೂವರೂ ಪರಸ್ಪರ ಗೊತ್ತಿಲ್ಲದೆ ಒಂದೇ ಉಪಾಯಕ್ಕೆ ಬಂದಿದ್ದೆವು, ಮತ್ತು ಮೂವರೂ ಅದನ್ನು ಎಲ್ಲೂ ಬರೆದಿರಲಿಲ್ಲ. ಅದೆಲ್ಲ ಫೀಲ್ಡಿನ ಮಾತು, ಪೇಪರಿಗೆ ಹಾಕುವಂಥದ್ದಲ್ಲ ಅಂದುಕೊಂಡಿದ್ದೆವು.

ಸಂಘದಿಂದ ಯಾರಿಗೆ ಏನು ಸಿಗುತ್ತೆ ಅಂತ ನಾನು ಕೇಳಿಕೊಂಡಿದ್ದೆನಲ್ಲ. ನನಗೆ ಸಿಕ್ಕಿದ್ದು ಆ ಕಟ್ಟೆ. ವೇದಿಕೆಯ ಎಂಟು ನಿಮಿಷ ಇರದಿದ್ದರೆ ಗೋವಾದವರು ಎದ್ದು ನಿಲ್ಲುತ್ತಿರಲಿಲ್ಲ. ಅಷ್ಟು ರಾಜ್ಯಗಳವರನ್ನು ಒಂದು ಊರಿಗೆ ಕರೆಸುವ ತಾಕತ್ತು ಯಾವುದೇ ಜಿಲ್ಲಾ ಕಚೇರಿಗೆ ಇಲ್ಲ. ನೆರೆರಾಜ್ಯದ ಡಾಕ್ಟರನ್ನು ಸರ್ಕಾರದ ಮೂಲಕ ಕೇಳಬೇಕಾದರೆ ಪತ್ರ ಮೇಲೆ ಹತ್ತಿ, ಅಡ್ಡ ನಡೆದು, ಮತ್ತೆ ಕೆಳಗೆ ಇಳಿಯಬೇಕು. ಅಷ್ಟರಲ್ಲಿ ಮಳೆ ಬಂದು ಸೀಸನ್ನೇ ಮುಗಿದಿರುತ್ತದೆ. ರಾತ್ರಿ ಸಂಘದ ಸರ್ವಸದಸ್ಯರ ಸಭೆಯಲ್ಲೂ ಕೂತಿದ್ದೆ. ಲೆಕ್ಕಪತ್ರ, ಚುನಾವಣೆ, ಮುಂದಿನ ಊರು ಯಾವುದು ಎಂಬ ಚರ್ಚೆ. ಬೋರು ಹೊಡೆಯಿತು, ನಿಜ. ಆದರೆ ಆ ಬೋರು ಕೆಲಸವನ್ನು ಪುಕ್ಕಟೆಯಾಗಿ ವರ್ಷಗಟ್ಟಲೆ ಮಾಡುವ ನಾಲ್ಕಾರು ಜನ ಇಲ್ಲದಿದ್ದರೆ ಕಟ್ಟೆಯೂ ಇಲ್ಲ.

ಊರಿಗೆ ಬಂದ ಮೇಲೆ ಲೇಖನ ಬರೆದು ಪಬ್ಲಿಕ್ ಹೆಲ್ತ್ ಪತ್ರಿಕೆಯೊಂದಕ್ಕೆ ಕಳಿಸಿದೆ. ತಿಂಗಳುಗಳ ನಂತರ ಹೆಸರಿಲ್ಲದ ಇಬ್ಬರು ವಿಮರ್ಶಕರ ಟಿಪ್ಪಣಿ ಬಂತು. ಒಬ್ಬರಿಗೆ ಎಲ್ಲವೂ ಉದ್ದ ಅನಿಸಿತ್ತು. ಇನ್ನೊಬ್ಬರು ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. "ನಿಮ್ಮ ಸುತ್ತುಬಳಸಿನ ಪ್ರಶ್ನೆಯೇ ನಿಜ, ನೇರ ಪ್ರಶ್ನೆ ಸುಳ್ಳು ಅಂತ ಹೇಗೆ ಹೇಳುತ್ತೀರಿ?" ಒಂದೇ ಮನೆಯಲ್ಲಿ ಎರಡನ್ನೂ ಕೇಳು ಅಂತ ಮೇಡಂ ಹೇಳಿದ್ದು ಆಗ ಕೈ ಹಿಡಿಯಿತು. ಕೊಟ್ಟಿಗೆಯಲ್ಲಿ ದರಕು ಕಣ್ಣಾರೆ ಕಂಡು ಬರೆದುಕೊಂಡ ಮನೆಗಳ ಲೆಕ್ಕ ಹಾಕಿ ಉತ್ತರ ಕೊಟ್ಟೆ. ದರಕು ತಾನಾಗಿ ನಡೆದು ಬರುವುದಿಲ್ಲವಲ್ಲ. ಇದನ್ನು ಪತ್ರಿಕೆಯ ಇಂಗ್ಲಿಷಿನಲ್ಲಿ ಬರೆಯಲು ಅರ್ಧ ಪುಟ ಬೇಕಾಯಿತು.

ಪ್ರಾಥಮಿಕ ಆರೋಗ್ಯ ಕೇಂದ್ರದ ಆಶಾ ಮೀಟಿಂಗಿನಲ್ಲೂ ಇದನ್ನೆಲ್ಲ ಹೇಳಿದೆ. ಎಣ್ಣೆ ಹಂಚುವಾಗ 'ಕಾಡಿಗೆ ಹೋಗುವ ಮುನ್ನ ಹಚ್ಚಿ' ಅಂದರೆ ಯಾರೂ ತಮಗೆ ಅಂತ ತಿಳಿಯುವುದಿಲ್ಲ, 'ದರಕು ಗುಡಿಸೋಕೆ ಮುಂಚೆ, ದನ ಹೊಡ್ಕೊಂಡು ಹೋಗೋಕೆ ಮುಂಚೆ ಹಚ್ಚಿ, ಬಂದು ಬಿಸಿನೀರಿನಲ್ಲಿ ಮೈ ಬಟ್ಟೆ ಎರಡೂ ತೊಳೀರಿ' ಅನ್ನಿ ಅಂತ. ನನ್ನ ಜೊತೆ ಓಡಾಡಿದ ಆಶಾ ಅಕ್ಕ ಮೂಲೆಯಲ್ಲಿ ಕೂತು, "ಇದನ್ನ ಹೇಳೋಕೆ ಅಷ್ಟು ದೂರ ಹೋಗಿ ಬಂದ್ರಾ ಮೇಡಂ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಲೇಖನದ ಕೊನೆಗೆ ಆಶಾ ಕಾರ್ಯಕರ್ತೆಯರಿಗೆ ವಂದನೆ ಅಂತ ಒಂದು ಸಾಲು ಇದೆ. ಸಾಲದು. ಪ್ರಶ್ನೆ ಅವರದ್ದು, ಹೆಸರು ನನ್ನದು. ಸಮ್ಮೇಳನಗಳಿಗೆ ಅವರನ್ನೇ ಕರೆಸಿ ಮಾತಾಡಿಸುವ ಕಾಲ ಬರಬೇಕು ಅಂತ ಸಂಘದ ಒಬ್ಬ ಹಿರಿಯರ ಹತ್ತಿರ ಹೇಳಿದ್ದೇನೆ. "ಬರೆದು ಕಳಿಸು" ಅಂದಿದ್ದಾರೆ, ಬರೆದಿದ್ದೇನೆ.

ಕಟ್ಟೆಯ ಮೇಲೆ ಕೂತ ಮೂವರ ವಾಟ್ಸಾಪ್ ಗ್ರೂಪಿನಲ್ಲಿ ಈಗ ಸಿಂಧುದುರ್ಗದವರು, ನೀಲಗಿರಿಯವರು, ಇಬ್ಬರು ಪಶುವೈದ್ಯರು, ಒಬ್ಬ ಕೀಟಶಾಸ್ತ್ರಜ್ಞರು ಸೇರಿದ್ದಾರೆ. 2024ರ ಶುರುವಿನಲ್ಲಿ ಉತ್ತರ ಕನ್ನಡದ ಸಿದ್ದಾಪುರದ ಕಡೆ ಕಾಯಿಲೆ ಜೋರಾದಾಗ ಗೋವಾದವರು ಮೊದಲು ಕೇಳಿದ್ದು ಎಷ್ಟು ಕೇಸು ಅಂತಲ್ಲ, ದರಕಿನ ಕೆಲಸ ಈ ಸಲ ಬೇಗ ಶುರುವಾಗಿತ್ತಾ ಅಂತ. ಸದ್ಯಕ್ಕೆ ಗ್ರೂಪಿನಲ್ಲಿ ನಡೆಯುತ್ತಿರುವ ಜಗಳ ಎಣ್ಣೆ ಬಾಟಲಿಯ ಬಗ್ಗೆ. ಮನೆಗೊಂದು ಕೊಡುವುದಾ, ದುಡಿಯುವ ಕೈಗೊಂದು ಕೊಡುವುದಾ? ಮತ್ತೆ ಮರ ಹತ್ತುವವರಿಗೆ ಏನು ಮಾಡುವುದು? ಕಾಲುಚೀಲ ಅಂದರು ವಯನಾಡಿನವರು. ಮರದ ಮೇಲೆ ಕಾಲುಚೀಲ ಜಾರುತ್ತೆ ಅಂತ ನಾನು ಬರೆದೆ. ಕೊನೆ ತೆಗೆಯುವವರನ್ನೇ ಕೇಳಿ ಹೇಳು ಅಂದಿದ್ದಾರೆ, ಈ ಕೊಯ್ಲಿಗೆ ಹೋಗಬೇಕು.